ಮಂದಗತಿಗೆ ಮದ್ದು



ಕಂಪ್ಯೂಟರೊಂದು ನಮ್ಮ ಮನೆಗೆ ಬಂದದ್ದು 2014ರಲ್ಲಿ. ಬಂದ ಹೊಸತರಲ್ಲಿ ಅದರ ಚುರುಕು ಕಂಡು ನಾನು ಬೆರಗಾಗಿದ್ದೆ. ಗುಂಡಿಯನ್ನೊತ್ತಿ, ಕನ್ನಡಕವನ್ನು ಹುಡುಕಿ ಬರುವಷ್ಟರಲ್ಲಿ ಅದು ಅಣಿಯಾಗಿ ಕುಳಿತಿರುತ್ತಿತ್ತು. ವರ್ಷಗಳು ಉರುಳಿದಂತೆ ಅದರ ನಡೆ ಮಂದವಾಯಿತು. ಮೊದಮೊದಲು ಗುಂಡಿಯನ್ನೊತ್ತಿ ಕಾಫಿ ಕುಡಿದು ಬರುತ್ತಿದ್ದೆ. ಆಮೇಲೆ ಸ್ನಾನ ಮುಗಿಸಿ ಬರುವಂತಾಯಿತು. ಕೊನೆಕೊನೆಗೆ ಸ್ನಾನ, ಪೂಜೆ ಎರಡನ್ನೂ ಮುಗಿಸಿ ಬಂದರೂ ಪರದೆಯ ಮೇಲೆ ಚುಕ್ಕೆಗಳ ಚಕ್ರವೊಂದು ತಿರುಗುತ್ತಲೇ ಇರುತ್ತಿತ್ತು. ತಾಳ್ಮೆ ದೊಡ್ಡ ಗುಣವೆಂದು ಮೂವತ್ತು ವರ್ಷ ಮಕ್ಕಳಿಗೆ ಬೋಧಿಸಿದವನಿಗೆ ಆ ಪಾಠವನ್ನು ಒಂದು ಪೆಟ್ಟಿಗೆ ಹಿಂದಕ್ಕೆ ಒಪ್ಪಿಸುತ್ತಿತ್ತು.

ಅಂಗಡಿಗೆ ಒಯ್ದೆ. ಅಲ್ಲಿಯವರು ಅದರ ಮುಚ್ಚಳವನ್ನೂ ತೆಗೆಯಲಿಲ್ಲ. ಕೊಂಡ ವರ್ಷವನ್ನು ಕೇಳಿದರು, ಹೇಳಿದೆ. "ಇನ್ನು ಇದರಲ್ಲೇನೂ ಇಲ್ಲ ಸಾರ್, ಹೊಸದು ತಗೊಳ್ಳಿ" ಎಂದರು. ವಯಸ್ಸೊಂದನ್ನೇ ಕೇಳಿ ರೋಗ ನಿರ್ಣಯಿಸುವ ವೈದ್ಯರನ್ನು ನಾನು ಬಲ್ಲೆ. ನಿವೃತ್ತನಾದ ಮೇಲೆ ಆ ಅನುಭವ ನನಗೂ ಆಗಿದೆ. ಆದುದರಿಂದಲೋ ಏನೋ, ಆ ಮಾತು ನನಗೆ ಹಿಡಿಸಲಿಲ್ಲ. ಪೆಟ್ಟಿಗೆಯನ್ನು ಆಟೋರಿಕ್ಷಾದಲ್ಲಿ ಮಡಿಲ ಮೇಲಿಟ್ಟುಕೊಂಡು ಮರಳಿ ಮನೆಗೆ ತಂದೆ.

ಆ ವಾರವೇ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಬ್ಬಕ್ಕೆಂದು ಊರಿಗೆ ಬಂದಿದ್ದವನು ನೋಡಿಹೋಗಲು ಬಂದ. ಅವನ ಕಸುಬೇ ಇದು. ನನ್ನ ದೂರನ್ನೆಲ್ಲ ಕೇಳಿ ಅವನು ಎತ್ತಿದ ಮೊದಲ ಪ್ರಶ್ನೆ ವೇಗದ ಮಾತಾಗಿರಲಿಲ್ಲ.

"ಮೇಷ್ಟ್ರೇ, ಇದರೊಳಗೆ ಇರೋದರ ಇನ್ನೊಂದು ಪ್ರತಿ ಎಲ್ಲಿದೆ?"

"ಇನ್ನೊಂದು ಪ್ರತಿ ಏಕಯ್ಯ? ಇದರಲ್ಲೇ ಭದ್ರವಾಗಿದೆಯಲ್ಲ" ಎಂದೆ.

ಅವನು ನಗಲಿಲ್ಲ. ಪೆಟ್ಟಿಗೆಗೆ ಕಿವಿಗೊಟ್ಟು ಕೇಳಿದ. ಒಳಗಿನಿಂದ ಕಟಕಟವೆಂಬ ಸದ್ದೊಂದು ಬಿಟ್ಟು ಬಿಟ್ಟು ಬರುತ್ತಿತ್ತು. "ಇದು ಮುಪ್ಪಲ್ಲ ಮೇಷ್ಟ್ರೇ, ಕಾಯಿಲೆ" ಎಂದ.

ಇದರೊಳಗೆ ಏನಿತ್ತೆಂಬುದನ್ನು ನಿಮಗೆ ಹೇಳಬೇಕು. ನೇಗಿಲು, ಕೂರಿಗೆ, ಗಾಡಿ, ಗಾಣ ಇವುಗಳ ಭಾಗಗಳಿಗೆ ನಮ್ಮ ಸೀಮೆಯ ರೈತರೂ ಬಡಗಿಗಳೂ ಬಳಸುತ್ತಿದ್ದ ಮಾತುಗಳನ್ನು ನಾನು ಹತ್ತಾರು ವರ್ಷ ಸಂಗ್ರಹಿಸಿದ್ದೆ. ಮೇಳಿ, ಈಸು, ಮಿಣಿ, ಕುಳ ಎಂಬ ಶಬ್ದಗಳು ನಿಘಂಟಿನಲ್ಲಿ ಸಿಕ್ಕಾವು. ಆದರೆ ಮೇಳಿಯ ಹಿಡಿ ಸವೆದಾಗ ಅದನ್ನು ಏನೆನ್ನುತ್ತಾರೆ, ಗಾಲಿಗೆ ಪಟ್ಟಿ ಕಟ್ಟುವಾಗ ಒಬ್ಬರಿಗೊಬ್ಬರು ಏನೆಂದು ಕೂಗಿ ಹೇಳುತ್ತಾರೆ ಎಂಬುದು ಮುದುಕರ ಬಾಯಲ್ಲಿ ಮಾತ್ರ ಉಳಿದಿತ್ತು. ಹಾಗೆ ಹೇಳಿದವರಲ್ಲಿ ಹಲವರು ಈಗಿಲ್ಲ. ಅವರ ಮಾತುಗಳಿಗೆಲ್ಲ ಆ ಕಟಕಟ ಸದ್ದಿನ ಪೆಟ್ಟಿಗೆಯೊಂದೇ ಮನೆಯಾಗಿತ್ತು.

ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಎಂಬುದು ಕಾಂತಲೇಪವುಳ್ಳ ತಟ್ಟೆ. ಮೇಜಿನ ಮೇಲಿಡುವ ಯಂತ್ರಗಳಲ್ಲಿ ಅದು ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು, ಎಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಅದರ ಮೇಲೆ ಪುಟ್ಟ ತೋಳೊಂದು ಅತ್ತಿತ್ತ ಚಲಿಸಿ ಬೇಕಾದ ಅಕ್ಷರವನ್ನು ಓದುತ್ತದೆ. ತಟ್ಟೆಯ ಒಂದು ತಾಣ ಕೆಟ್ಟರೆ ತೋಳು ಅದನ್ನು ಒಂದೇ ಸಲಕ್ಕೆ ಬಿಟ್ಟುಕೊಡದೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಅಷ್ಟು ಹೊತ್ತೂ ಯಂತ್ರವೆಲ್ಲ ಕಾದಿರುತ್ತದೆ. ನಾವು ಅದನ್ನು ಸೋಮಾರಿತನವೆಂದು ಬೈಯುತ್ತೇವೆ. ಅದು ಮಾತ್ರ ಕೈಲಾದಷ್ಟು ಹೆಣಗುತ್ತಿರುತ್ತದೆ.

ಅಂದು ರಾತ್ರಿಯೆಲ್ಲ ಕುಳಿತು ಕಡತಗಳನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿದೆವು. ಬೆಳಗಾಗುವ ಹೊತ್ತಿಗೆ ಮೂರನ್ನುಳಿದು ಎಲ್ಲವೂ ಬಂದವು. ಆ ಮೂರರಲ್ಲಿ ಎರಡನ್ನು ಕೈಬರಹದ ಚೀಟಿಗಳಿಂದ ಮತ್ತೆ ಬರೆದುಕೊಂಡೆ. ಮೂರನೆಯದು ಗಾಡಿ ಮಾಡುವ ಬಡಗಿಯೊಬ್ಬರು ಒಂದು ಮಧ್ಯಾಹ್ನವಿಡೀ ಹೇಳಿದ ಮಾತುಗಳು. ಅದರ ಚೀಟಿಗಳನ್ನು ನಾನು, ಕಂಪ್ಯೂಟರಿಗೆ ಏರಿಸಿಯಾಯಿತಲ್ಲ ಎಂಬ ಧೈರ್ಯದಿಂದ, ಎಂದೋ ರದ್ದಿಗೆ ಹಾಕಿದ್ದೆ. ಮತ್ತೆ ಕೇಳೋಣವೆಂದರೆ ಆ ಹಿರಿಯರು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಆದುದರಿಂದ ಮಂದಗತಿಗೆ ನಾನು ಹೇಳಬಹುದಾದ ಮೊದಲ ಮದ್ದು ಇದು: ಯಾವ ಚಿಕಿತ್ಸೆಗೂ ಮುನ್ನ ಇನ್ನೊಂದು ಪ್ರತಿಯನ್ನು ಮಾಡಿ, ಬೇರೆ ಕಡೆ ಇಡಿ.

ಆಮೇಲೆ ನಿಜವಾದ ಶುಶ್ರೂಷೆ ಮೊದಲಾಯಿತು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ವಿಂಡೋಸ್ ತನ್ನ ಒಳಗುಟ್ಟನ್ನು ತೆರೆದು ತೋರುತ್ತದೆ. ಸಂಸ್ಕಾರಕ, ನೆನಪು, ಡಿಸ್ಕ್ ಇವುಗಳಲ್ಲಿ ಯಾವುದು ನೂರಕ್ಕೆ ನೂರು ದುಡಿಯುತ್ತಿದೆಯೆಂದು ಅಲ್ಲಿ ಕಾಣುತ್ತದೆ. ಅದೇ ಕಡೆ, ಯಂತ್ರ ಎದ್ದೊಡನೆ ತಾವೂ ಏಳುವ ತಂತ್ರಾಂಶಗಳ ಪಟ್ಟಿಯೂ ಉಂಟು. ನಮ್ಮ ಯಂತ್ರದಲ್ಲಿ ಅಂಥವು ಹದಿನೇಳು! ಎಂದೋ ಮಾರಿಹಾಕಿದ ಮುದ್ರಣಯಂತ್ರದ ಸಹಾಯಕನೊಬ್ಬ ದಿನವೂ ಎದ್ದು ತನ್ನ ಯಜಮಾನನಿಗಾಗಿ ಕಾಯುತ್ತಿದ್ದ. ಕರೆಯದೆ ಬಂದ ಈ ನೆಂಟರಲ್ಲಿ ಹನ್ನೆರಡು ಮಂದಿಯನ್ನು ಎಬ್ಬಿಸದಂತೆ ಮಾಡಿದೆವು. ವೈರಸ್ಸಿನ ಕಾವಲುಗಾರನನ್ನು ಮಾತ್ರ ಮುಟ್ಟಲಿಲ್ಲ.

ಇನ್ನೊಂದು ಸಂಗತಿ ನನಗೆ ಹೊಸದಾಗಿ ತಿಳಿಯಿತು. ಯಂತ್ರವನ್ನು ದಿನವೂ ಆರಿಸಿ ಹೊತ್ತಿಸುತ್ತೇನಲ್ಲ, ಅದಕ್ಕೆ ಪೂರ್ಣ ವಿಶ್ರಾಂತಿ ಸಿಗುತ್ತಿದೆ ಎಂದುಕೊಂಡಿದ್ದೆ. ವಿಂಡೋಸ್ 8ರಿಂದೀಚೆಗೆ, ಬೇಗ ಏಳುವುದಕ್ಕಾಗಿ, ಆರಿಸುವಾಗ ತನ್ನ ಒಳಗಿನ ಸ್ಥಿತಿಯ ಒಂದು ಭಾಗವನ್ನು ಅದು ಕಟ್ಟಿಟ್ಟುಕೊಂಡು, ಮರುದಿನ ಆ ಗಂಟನ್ನೇ ಬಿಚ್ಚುತ್ತದೆ. ನಿನ್ನೆಯ ಗೊಂದಲವೂ ಅದರೊಡನೆ ಬರುವುದುಂಟು. 'ರೀಸ್ಟಾರ್ಟ್' ಎಂದಾಗಲೇ ಹೊಸ ಬೆಳಗು.

ಬಳಿಕ ಮುಚ್ಚಳ ತೆಗೆದೆವು. ಒಳಗಿನ ಫ್ಯಾನಿಗೆ ಧೂಳು ಕಂಬಳಿಯಂತೆ ಮೆತ್ತಿಕೊಂಡಿತ್ತು. ಶಾಖ ಮಿತಿಮೀರಿದರೆ ಸಂಸ್ಕಾರಕವು ಸುಟ್ಟುಹೋಗದಿರಲು ತಾನಾಗಿಯೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಬಿಸಿಲಲ್ಲಿ ನಡೆಯುವವನು ಹೆಜ್ಜೆ ನಿಧಾನಿಸುವಂತೆ ಅದೂ ಒಂದು ವಿವೇಕ. ವಿದ್ಯುತ್ತಿನ ತಂತಿ ಕಿತ್ತು, ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದು, ಮೆದುವಾದ ಕುಂಚದಿಂದ ಧೂಳು ತೆಗೆದೆವು. ಇದಕ್ಕೆ ತಗಲಿದ ವೆಚ್ಚ ಸೊನ್ನೆ.

ವೆಚ್ಚವಾದದ್ದು ಎರಡೇ ವಸ್ತುಗಳಿಗೆ. ಒಂದು ರ್‍ಯಾಮ್ ಎಂಬ ತಾತ್ಕಾಲಿಕ ನೆನಪು. ಬರೆಯುವವನಿಗೆ ಮೇಜು ಹೇಗೋ ಯಂತ್ರಕ್ಕೆ ಅದು ಹಾಗೆ. ಡಿಸ್ಕು ಗೋಡೆಯ ಬೀರು. ಮೇಜು ಚಿಕ್ಕದಾದರೆ ಒಂದು ಹೊತ್ತಗೆ ತೆರೆಯಲು ಇನ್ನೊಂದನ್ನು ಬೀರುವಿಗೆ ಸೇರಿಸಬೇಕು. ದಿನವಿಡೀ ಓಡಾಟವೇ ಆಯಿತು. ನಮ್ಮ ಯಂತ್ರದ ನಾಲ್ಕು ಜಿಬಿಯನ್ನು ಎಂಟು ಮಾಡಿದೆವು. ಇನ್ನೊಂದು, ತಿರುಗುವ ತಟ್ಟೆಯ ಬದಲಿಗೆ ಎಸ್ಎಸ್‌ಡಿ. ಅದರಲ್ಲಿ ತಟ್ಟೆಯೂ ಇಲ್ಲ, ತೋಳೂ ಇಲ್ಲ. ಅಲ್ಲಲ್ಲಿ ಚದುರಿದ ಮಾಹಿತಿಯನ್ನು ಹೆಕ್ಕುವಾಗ ಹಳೆಯ ತಟ್ಟೆಗೆ ಸೆಕೆಂಡಿಗೆ ಸುಮಾರು ನೂರು ಸಲ ಓದುವುದೇ ಕಷ್ಟ. ಇದು ಸಾವಿರಾರು ಸಲ ಓದುತ್ತದೆ. ಹಳೆಯ ಯಂತ್ರಕ್ಕೆ ಮರುಹುಟ್ಟು ಕೊಡುವುದು ಒಂದೇ ವಸ್ತುವೆಂದಾದರೆ ಅದು ಇದು. ಎರಡಕ್ಕೂ ಕೂಡಿ ನಾನು ತೆತ್ತದ್ದು ಹೊಸ ಯಂತ್ರಕ್ಕೆ ಅಂಗಡಿಯವರು ಹೇಳಿದ ಬೆಲೆಯ ಏಳನೆಯ ಒಂದು ಪಾಲು. ಎಸ್ಎಸ್‌ಡಿಗೆ ಡಿಫ್ರ್ಯಾಗ್ ಮಾಡುವ ಹಳೆಯ ಆಚಾರ ಬೇಡ. ಅದರಿಂದ ಲಾಭವಿಲ್ಲ, ಸವೆತವೊಂದೇ ಫಲ. ಒಂದಿಷ್ಟು ಜಾಗವನ್ನು ಖಾಲಿ ಬಿಟ್ಟರೆ ಸಾಕು. ಅದು ಕೆಡುವಾಗ ಕಟಕಟ ಸದ್ದನ್ನೂ ಮಾಡದು. ಆದುದರಿಂದ ಇನ್ನೊಂದು ಪ್ರತಿಯ ನಿಯಮ ಅದಕ್ಕೂ ತಪ್ಪದು.

ಮಂದಗತಿಗೆ ಇನ್ನೊಂದು ಕಾರಣ ಯಂತ್ರದ ಹೊರಗಿದೆ. ಪಾಸ್ಕಲ್ ಎಂಬ ಗಣಕಭಾಷೆಯನ್ನು ರೂಪಿಸಿದ ಸ್ವಿಟ್ಸರ್ಲೆಂಡಿನ ವಿದ್ವಾಂಸ ನಿಕ್ಲಾಸ್ ವಿರ್ತ್ 1995ರಲ್ಲಿ ಒಂದು ಲೇಖನ ಬರೆದರು. ಯಂತ್ರ ವೇಗವಾಗುವುದಕ್ಕಿಂತ ಹೆಚ್ಚು ಬಿರುಸಾಗಿ ತಂತ್ರಾಂಶ ನಿಧಾನವಾಗುತ್ತಿದೆ ಎಂಬುದು ಅದರ ಸಾರ. ಕಣಜ ದೊಡ್ಡದಾದಂತೆ ಹೆಗ್ಗಣವೂ ಕೊಬ್ಬುವ ಕತೆ ಇದು. ಹತ್ತು ವರ್ಷದ ಹಿಂದಿನ ಯಂತ್ರ ಪತ್ರ ಬರೆಯುವುದಕ್ಕೆ ಇಂದಿಗೂ ಸಾಕು; ಅದರ ಮೇಲೆ ಹೇರುವ ಹೊರೆ ಮಾತ್ರ ಇಂದಿನದು.

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. 2021ರಲ್ಲಿ ಬಂದ ವಿಂಡೋಸ್ 11, 2017ಕ್ಕಿಂತ ಹಿಂದಿನ ಬಹುಪಾಲು ಯಂತ್ರಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಹಾಗಾದರೆ ಅವೆಲ್ಲ ಗುಜರಿಗೆ ಹೋಗಬೇಕೆ? ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಇಂಥವಕ್ಕೆ ಆಸರೆ. ಹಣ ಕೊಡಬೇಕಿಲ್ಲ, ಹಳೆಯ ಯಂತ್ರಕ್ಕೆ ಹಗುರವಾದ ರೂಪಗಳೂ ಉಂಟು. ನಮ್ಮ ಯಂತ್ರದಲ್ಲಿ ಈಗ ಅದರ 'ಮಿಂಟ್' ಎಂಬ ರೂಪವಿದೆ. ಯೂನಿಕೋಡ್ ಕನ್ನಡ ಅದರಲ್ಲಿ ಚೆನ್ನಾಗಿ ನಡೆಯುತ್ತದೆ. ನುಡಿಯ ಹಳೆಯ ಅಕ್ಷರಕ್ರಮದಲ್ಲಿದ್ದ ನನ್ನ ಕಡತಗಳನ್ನು ಮೊದಲೇ ಯೂನಿಕೋಡಿಗೆ ಪರಿವರ್ತಿಸಿಕೊಂಡೆ. ಪರಿವರ್ತನೆಯಲ್ಲಿ ಕೆಲವು ಒತ್ತಕ್ಷರಗಳು ತಪ್ಪಿದವು, ಕುಳಿತು ತಿದ್ದಿದೆ. ವಿಂಡೋಸಿಗಾಗಿ ಮಾಡಿದ ಕೆಲವು ತಂತ್ರಾಂಶಗಳು ಇಲ್ಲಿ ನಡೆಯವು ಎಂಬುದನ್ನೂ ಮುಚ್ಚಿಡಲಾರೆ. ತಮಗೆ ಯಾವುದು ಅನಿವಾರ್ಯವೆಂದು ನೋಡಿಕೊಂಡು ಮುಂದುವರಿಯುವುದು ಮೇಲು.

ಒಂದೇ ಗುಂಡಿಯಲ್ಲಿ ಯಂತ್ರವನ್ನು ಚುರುಕು ಮಾಡುತ್ತೇವೆಂದು ಸಾರುವ ತಂತ್ರಾಂಶಗಳೂ ಉಂಟು. ಸಂತೆಯಲ್ಲಿ ಸರ್ವರೋಗಕ್ಕೂ ಒಂದೇ ಲೇಹ್ಯ ಮಾರುವವರ ವಂಶ ಅದು. ದೂರವಿರುವುದು ಲೇಸು.

ಪ್ರತಿಯೊಂದನ್ನೂ ಉಳಿಸಿಕೊಳ್ಳಬೇಕೆಂಬ ಹಟ ನನ್ನದಲ್ಲ. ತಾಯಿಹಲಗೆ ಸುಟ್ಟುಹೋದ ಯಂತ್ರಕ್ಕೆ ವಿದಾಯ ಹೇಳುವುದೇ ಸರಿ. ಆದರೆ ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ವರದಿಯಂತೆ 2022ರಲ್ಲಿ ಜಗತ್ತು ಎಸೆದ ವಿದ್ಯುನ್ಮಾನ ಕಸ 6 ಕೋಟಿ 20 ಲಕ್ಷ ಟನ್; ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಸಂದದ್ದು ಕಾಲುಭಾಗಕ್ಕಿಂತಲೂ ಕಡಿಮೆ. ಆ ರಾಶಿಗೆ ನಮ್ಮದೊಂದನ್ನು ಸೇರಿಸುವ ಮುನ್ನ ಮುಚ್ಚಳವನ್ನಾದರೂ ತೆಗೆದು ನೋಡಬಾರದೆ?

ಈಗ ನಮ್ಮ ಯಂತ್ರ, ನಾನು ಕನ್ನಡಕವನ್ನು ಹುಡುಕುವಷ್ಟರಲ್ಲಿ ಮತ್ತೆ ಎದ್ದು ಕುಳಿತಿರುತ್ತದೆ. ಕನ್ನಡಕ ಹುಡುಕುವುದು ಮಾತ್ರ ಮೊದಲಿಗಿಂತ ತಡ. ಶಬ್ದಗಳ ಸಂಗ್ರಹ ಮೂರು ಕಡೆ ಭದ್ರವಾಗಿದೆ; ಒಂದು ಪ್ರತಿ ಆ ಹುಡುಗನ ಬಳಿಯೇ ಇದೆ. ಗಾಡಿಯ ಪಟ್ಟಿಯ ಪುಟ ಬರಿದಾಗಿಯೇ ಉಳಿದಿದೆ. ಆ ಬಡಗಿಯ ಮಗ ಪಕ್ಕದ ಹಳ್ಳಿಯಲ್ಲಿದ್ದಾರಂತೆ, ಕಸುಬು ಬಿಟ್ಟು ಬಹುಕಾಲವಾಗಿದೆ. ಆದರೂ ಅಪ್ಪನ ಕೈಕೆಳಗೆ ದುಡಿದವರು. ಬರುವ ಭಾನುವಾರ ಹೋಗಿ ಕೇಳಬೇಕೆಂದಿದ್ದೇನೆ. ಎಷ್ಟು ನೆನಪಿದೆಯೋ ಅಷ್ಟನ್ನು ಬರೆದುಕೊಂಡು ಬರುತ್ತೇನೆ. ಈ ಸಲ ಚೀಟಿಗಳನ್ನು ರದ್ದಿಗೆ ಹಾಕುವುದಿಲ್ಲ.



(ಬಾನುಲಿ ಭಾಷಣ)