ಮಾಜಿಯಾದ ಮಾತ್ರಕ್ಕೆ ಮಾಫಿ ಇಲ್ಲ

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಕುರ್ಚಿ ಮೇಲಿದ್ದಾಗ ದೊಡ್ಡೋರನ್ನ ಯಾರೂ ಕೇಳೋ ಹಾಗಿಲ್ಲ. ಕುರ್ಚಿಯಿಂದ ಇಳಿದ ಮೇಲೆ 'ಪಾಪ, ವಯಸ್ಸಾಯ್ತು, ಹಳೇದನ್ನ ಯಾಕೆ ಕೆದಕ್ತೀರಿ' ಅಂತಾರೆ. ಹಾಗಾದ್ರೆ ಕಾನೂನು ಅವರನ್ನು ಕೇಳೋದು ಯಾವಾಗ? ಈ ಪ್ರಶ್ನೆಗೆ ಆಫ್ರಿಕದ ಚಾಡ್ ದೇಶದ ನೊಂದ ಜನ ಒಂದು ಉತ್ತರ ಕೊಟ್ಟಿದ್ದಾರೆ. ಅದನ್ನು ನೀವು ತಿಳಿದಿರಬೇಕು.

1982ರಿಂದ 1990ರವರೆಗೆ ಚಾಡ್ ದೇಶವನ್ನು ಹಿಸೇನ್ ಹಬ್ರೆ ಎಂಬಾತ ಆಳಿದ. ಲಿಬಿಯದ ಗಡಾಫಿಗೆ ಎದುರು ನಿಂತ ಅನ್ನೋ ಕಾರಣಕ್ಕೆ ಅಮೆರಿಕ, ಫ್ರಾನ್ಸ್ ಎರಡೂ ಅವನ ಬೆನ್ನಿಗಿದ್ದವು. ರಾಜಧಾನಿ ಎನ್‌ಜಮೇನಾದಲ್ಲಿ ಫ್ರೆಂಚರ ಕಾಲದ ಒಂದು ಈಜುಕೊಳ ಇತ್ತು. ಅವನ ಗುಪ್ತ ಪೊಲೀಸರು ಅದರ ಮೇಲೆ ಕಾಂಕ್ರೀಟು ಮುಚ್ಚಿ, ಕೆಳಗೆ ಜೈಲು ಮಾಡಿಕೊಂಡರು. ಅವನ ಆಳ್ವಿಕೆಯಲ್ಲಿ ಸತ್ತವರು 40,000 ಎಂದು ಆ ದೇಶದ ತನಿಖಾ ಆಯೋಗವೇ 1992ರಲ್ಲಿ ಅಂದಾಜು ಮಾಡಿತು.

1990ರ ಡಿಸೆಂಬರಿನಲ್ಲಿ ಹಬ್ರೆಯ ಸರ್ಕಾರ ಉರುಳಿತು. ಅವನು ಸೆನೆಗಲ್ ದೇಶಕ್ಕೆ ಓಡಿಹೋಗಿ ಡಾಕರ್ ನಗರದಲ್ಲಿ ಹಾಯಾಗಿ ನೆಲೆಸಿದ.

ಅವನು ಓಡಿದಾಗ ಜೈಲಿನ ಬಾಗಿಲು ತೆರೆಯಿತು. ಹೊರಗೆ ಬಂದವರಲ್ಲಿ ಸುಲೇಮಾನ್ ಗೆಂಗೆಂಗ್ ಒಬ್ಬರು. ಲೆಕ್ಕಪತ್ರ ನೋಡುತ್ತಿದ್ದ ನೌಕರ. ಎರಡು ವರ್ಷಕ್ಕೂ ಮೇಲೆ ಒಳಗಿದ್ದರು. ಬದುಕಿ ಹೊರಗೆ ಬಂದ್ರೆ ನ್ಯಾಯ ಕೇಳ್ತೀನಿ ಅಂತ ಅಲ್ಲೇ ಆಣೆ ಮಾಡಿದ್ದರು. ಬಂದವರು ಏನು ಮಾಡಿದರು? ಬಂದೂಕು ಹಿಡೀಲಿಲ್ಲ, ಪೆನ್ನು ಹಿಡಿದರು. ಜೊತೆಗಾರರನ್ನು ಕಟ್ಟಿಕೊಂಡು, ನೊಂದವರನ್ನು ಹುಡುಕಿ, ಯಾರನ್ನು ಹಿಡಿದರು, ಹೇಗೆ ಹೊಡೆದರು, ಯಾರು ಸತ್ತರು ಅಂತ 792 ಜನರ ಹೇಳಿಕೆ ಬರೆದುಕೊಂಡರು. ಹಬ್ರೆಯ ಹಳೇ ಪೊಲೀಸರು ಹೊಸ ಸರ್ಕಾರದಲ್ಲೂ ಅಧಿಕಾರದಲ್ಲಿದ್ದರು. ಅದಕ್ಕೆ ಆ ಕಾಗದಗಳನ್ನು ಮನೆಯಲ್ಲಿ ವರ್ಷಗಟ್ಟಲೆ ಬಚ್ಚಿಟ್ಟರು.

2000ದಲ್ಲಿ ಡಾಕರ್‌ನಲ್ಲಿ ದೂರು ಬಿತ್ತು. ಮರುವರ್ಷವೇ ಅಲ್ಲಿನ ಕೋರ್ಟು 'ಇದು ನಮ್ಮ ಅಧಿಕಾರಕ್ಕೆ ಬರಲ್ಲ' ಅಂತ ಕೈತೊಳೆದುಕೊಂಡಿತು. ಅದೇ 2001ರಲ್ಲಿ ಚಾಡ್‌ನ ವಕೀಲೆ ಜಾಕ್ಲೀನ್ ಮುದೇನಾ ಅವರ ಮೇಲೆ ಗ್ರೆನೇಡು ಎಸೆದರು. ಕಾಲಿಗೆ ಪೆಟ್ಟಾಯಿತು, ಕೇಸು ಬಿಡಲಿಲ್ಲ. ಅದೇ ವರ್ಷ ಗುಪ್ತ ಪೊಲೀಸರ ಪಾಳುಬಿದ್ದ ಕಚೇರಿಯಲ್ಲಿ ಅವರದೇ ಕಡತಗಳು ರಾಶಿ ರಾಶಿ ಸಿಕ್ಕಿದವು. ಅದರಲ್ಲಿ ಬಂಧನದಲ್ಲಿ ಸತ್ತ 1,208 ಜನರ ಹೆಸರು! ನಮ್ಮನ್ನು ಯಾರು ಕೇಳ್ತಾರೆ ಅನ್ನೋ ಸೊಕ್ಕಿನಲ್ಲಿ ಕೊಂದವರೇ ಬಿಟ್ಟುಹೋದ ಲೆಕ್ಕ.

ನೊಂದವರು ಬೆಲ್ಜಿಯಂ ಕೋರ್ಟಿಗೂ ಹೋದರು. 2005ರಲ್ಲಿ ಆ ದೇಶ ಹಬ್ರೆಯನ್ನು ಒಪ್ಪಿಸಿ ಎಂದು ಕೇಳಿತು. ಸೆನೆಗಲ್ ಒಪ್ಪಿಸಲಿಲ್ಲ. 2012ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಹೇಳಿತು: ತಡಮಾಡದೆ ವಿಚಾರಣೆ ಮಾಡಿ, ಇಲ್ಲವೇ ಒಪ್ಪಿಸಿ. ಆಮೇಲೆ ಸೆನೆಗಲ್ಲು, ಆಫ್ರಿಕನ್ ಒಕ್ಕೂಟ ಸೇರಿ ವಿಶೇಷ ನ್ಯಾಯಾಲಯ ಮಾಡಿದವು. 2015ರಲ್ಲಿ ವಿಚಾರಣೆ ಶುರುವಾಯಿತು. ಹಬ್ರೆ ಕಪ್ಪು ಕನ್ನಡಕ ಹಾಕಿಕೊಂಡು ಕೂತ, ಬಾಯಿ ಬಿಡಲಿಲ್ಲ. ಈಜುಕೊಳದ ಜೈಲಿನಿಂದ ಬದುಕಿ ಬಂದವರು ಅವನ ಎದುರೇ ನಿಂತು ಮಾತಾಡಿದರು. 2016ರ ಮೇ 30ರಂದು ಅವನಿಗೆ ಜೀವಾವಧಿ ಶಿಕ್ಷೆಯಾಯಿತು.

ಪೂರ್ತಿ ಗೆಲುವು ಅಂತ ನಾನು ಹೇಳಲ್ಲ. ಬೆನ್ನಿಗೆ ನಿಂತಿದ್ದ ಅಮೆರಿಕ, ಫ್ರಾನ್ಸಿನವರು ಯಾರೂ ಕಟಕಟೆ ಹತ್ತಲಿಲ್ಲ. 2017ರ ಮೇಲ್ಮನವಿ ತೀರ್ಪು 7,396 ಜನರಿಗೆ ಪರಿಹಾರ ಕೊಡಿ ಅಂದಿತ್ತು. 2021ರಲ್ಲಿ ಹಬ್ರೆ ಕೊರೋನಾದಿಂದ ಸತ್ತಾಗಲೂ ಆ ದುಡ್ಡು ಅವರ ಕೈ ಸೇರಿರಲಿಲ್ಲ.

ಆದರೂ ಒಂದು ಮಾತು ನಿಂತಿತು. ಕಾನೂನು ತಾನಾಗಿ ಎದ್ದುಬಂದು ಮಾಜಿ ದೊರೆಯನ್ನು ಹಿಡಿಯಲಿಲ್ಲ. ಏಟು ತಿಂದವರು ಇಪ್ಪತ್ತೈದು ವರ್ಷ ಅದರ ರಟ್ಟೆ ಹಿಡಿದು ಎಳೆದು ತಂದರು. ಎಳೆಯೋಕೆ ಅವರಲ್ಲಿ ಇದ್ದದ್ದು ಹೆಸರು, ತಾರೀಖು, ಸಾಕ್ಷಿ ಬರೆದ ಕಾಗದ.

ಅಕ್ಷರ ನಮ್ಮ ಮನೆಗಳಿಗೆ ತಡವಾಗಿ ಬಂತು. ಅದನ್ನು ಪರೀಕ್ಷೆಗೆ ಮಾತ್ರ ಖರ್ಚು ಮಾಡಬೇಡಿ. ಕಂಡದ್ದನ್ನು ತಾರೀಖು ಹಾಕಿ ಬರೆದಿಡಿ. ಇಷ್ಟು ಹೇಳಿ ಮುಗಿಸ್ತೀನಿ.