ಜೊಳ್ಳಾದ ತೆನೆ



ನಾನು ಕಂಪ್ಯೂಟರ್ ಕೆಲಸದವನು. ಬೆಂಗಳೂರಿನ ಕಂಪನಿಯ ಸುದ್ದಿ ಹೇಳುತ್ತಾನೆ ಎಂದು ನೀವು ಕಾದಿರಬಹುದು. ಆದರೆ ಈ ಶಾಲೆ ಎಂದರೆ ನನಗೆ ನೆನಪಾಗುವುದು ಒಂದು ಜೋಳದ ತೆನೆ.

ಒಂಬತ್ತನೆಯ ತರಗತಿಯಲ್ಲಿ ನಮ್ಮ ವಿಜ್ಞಾನದ ಗುರುಗಳು ಹೂವಾಡುತ್ತಿದ್ದ ತೆನೆ ತಂದು ಕರಿ ಹಾಳೆಯ ಮೇಲೆ ಜಾಡಿಸಿದರು. ಹಳದಿ ಪುಡಿ ಉದುರಿತು. "ಈ ಪರಾಗ ಬಿದ್ದರೇನೇ ಕಾಳು" ಎಂದರು. ಮರುವರ್ಷ ಹಿಂಗಾರಿಗೆ ನಾನು ಮನೆಯಲ್ಲಿ ಹಟ ಹಿಡಿದೆ: "ಅಪ್ಪಾ, ಈ ಸಲ ಹೈಬ್ರಿಡ್ ಬಿತ್ತೂಣು." ಓದುವ ಹುಡುಗ ಹೇಳ್ತಾನ ಅಂತ ಅಪ್ಪ ಎರಡು ಎಕರೆ ಬಿತ್ತಿದ. ಪೈರು ಚೆನ್ನಾಗಿಯೇ ಎದ್ದಿತು. ತೆನೆ ಬಿಚ್ಚುವ ಮುಂಚೆ ಚಳಿ ಬಿತ್ತು. ಸುಗ್ಗಿಯಲ್ಲಿ ನೋಡಿದರೆ ಅರ್ಧಕ್ಕರ್ಧ ಜೊಳ್ಳು. ಪಕ್ಕದ ಹೊಲದ ಮಾಲದಂಡಿ ತುಂಬಿಕೊಂಡು ನಿಂತಿತ್ತು. ಅಪ್ಪ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಕಾರಣ ಹುಡುಕಿದ್ದು ಬಿ.ಇ. ಮುಗಿಸಿದ ಮೇಲೆ. 2009ರಲ್ಲಿ ಜೋಳದ ಜೀನೋಮ್, ಸುಮಾರು 73 ಕೋಟಿ ಅಕ್ಷರದ್ದು, ಪ್ರಕಟವಾಗಿತ್ತು. ಅಷ್ಟು ದೊಡ್ಡ ಕೋಡ್ ಕಂಡರೆ ನಮ್ಮಂಥವರಿಗೆ ಕೈ ತುರಿಸುತ್ತದೆ.

ಪರಾಗದ ಒಂದೊಂದು ಕಣಕ್ಕೂ ಗೋಡೆ ಇದೆ. ಹೊರಗೋಡೆ ಸ್ಪೋರೊಪೊಲೆನಿನ್ ಎಂಬ ವಸ್ತುವಿನದು. ಆಸಿಡ್‌ಗೂ ಸುಲಭಕ್ಕೆ ಕರಗುವುದಿಲ್ಲ. ಕೆರೆಯ ಕೆಸರಿನಲ್ಲಿ ಸಾವಿರಾರು ವರ್ಷ ಉಳಿಯುತ್ತದೆ. ಅದನ್ನು ಕಟ್ಟುವುದು ಪರಾಗಚೀಲದ ಒಳಮೈಯಲ್ಲಿರುವ ಟೆಪೀಟಮ್ ಎಂಬ ಪದರ. ಪರಾಗಕ್ಕೆ ಉಣಿಸಿ, ಗೋಡೆಗೆ ಸಾಮಾನು ಒದಗಿಸಿ, ಕೊನೆಗೆ ತಾನೇ ಕರಗಿಹೋಗುತ್ತದೆ. ಅಲ್ಲಿ ಗೌಂಡಿಗಳು ಎಂದರೆ ಪ್ರೋಟೀನುಗಳು. ಭತ್ತದಲ್ಲಿ ಡಿ.ಪಿ.ಡಬ್ಲ್ಯು. ಎಂಬ ಪ್ರೋಟೀನು ಕೊಬ್ಬಿನಾಮ್ಲವನ್ನು ಗೋಡೆಗೆ ಒಗ್ಗುವಂತೆ ಬದಲಿಸಿದರೆ, ಓ.ಎಸ್.ಸಿ.6 ಎಂಬುದು ಕೊಬ್ಬಿನ ಸಾಮಾನು ಹೊರುತ್ತದೆ. ಗೋವಿನಜೋಳದಲ್ಲಿ ಎಂ.ಎಸ್.26, ಎಂ.ಎಸ್.45 ಇವೆ. ಇವರಲ್ಲಿ ಒಬ್ಬ ಕೆಲಸಕ್ಕೆ ಬರದಿದ್ದರೂ ಪರಾಗ ಮುದುಡಿ ಸಾಯುತ್ತದೆ.

ಹೈಬ್ರಿಡ್ ಬೀಜ ಮಾಡುವವರಿಗೆ ಬೇಕಾದದ್ದೂ ಪರಾಗವಿಲ್ಲದ ತಾಯಿಗಿಡವೇ! ಜೋಳದಲ್ಲಿ ಅಂಥದನ್ನು 1954ರಲ್ಲಿ ಅಮೆರಿಕದ ಟೆಕ್ಸಾಸ್‌ನ ವಿಜ್ಞಾನಿಗಳು ತೋರಿಸಿದರು. ಅದೇ ದಾರಿಯಲ್ಲಿ 1964ರಲ್ಲಿ ನಮ್ಮ ದೇಶದ ಮೊದಲ ಹೈಬ್ರಿಡ್ ಜೋಳ ಸಿ.ಎಸ್.ಎಚ್.-1 ಬಂತು. ಆದರೆ ರೈತನ ಹೊಲದಲ್ಲಿ ಪರಾಗ ಬೇಕಲ್ಲ? ತಾಯಿಯ ಆ ಕೊರತೆಯನ್ನು ತಂದೆಗಿಡದಿಂದ ಬಂದ ಜೀನ್ ತುಂಬಿಕೊಡುತ್ತದೆ. ಮುಂಗಾರಿಯಲ್ಲಿ ಇದು ಸರಿ ನಡೆಯುತ್ತದೆ. ಹಿಂಗಾರಿಯ ಚಳಿರಾತ್ರಿಗಳಲ್ಲಿ ಈ ರಿಪೇರಿ ಸಡಿಲಾಗುತ್ತದೆ, ಪರಾಗ ಪೊಳ್ಳಾಗುತ್ತದೆ. ನಮ್ಮ ಎರಡು ಎಕರೆಯಲ್ಲಿ ಆದದ್ದು ಇದೇ ಎಂದು ನನ್ನ ತಿಳುವಳಿಕೆ.

ಮಾಲದಂಡಿಗೆ ಈ ರಿಪೇರಿಯೇ ಬೇಡ. ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ನಮ್ಮಂಥದೇ ಎರೆಹೊಲದ ಜೋಳದಿಂದ ಆರಿಸಿದ ಎಂ.35-1 ಅದು. ಈ ಚಳಿ ಅದಕ್ಕೆ ಹುಟ್ಟಿದಾಗಿನಿಂದ ಗೊತ್ತು.

ಹೋದ ದೀಪಾವಳಿಗೆ ಅಪ್ಪನಿಗೆ ಇದೆಲ್ಲ ಹೇಳಿದೆ. ಪೂರ್ತಿ ಕೇಳಿ, "ಅಂದ್ರ ನಿಂದಲ್ಲ, ಚಳಿದು ತಪ್ಪು ಅನ್ನು" ಎಂದ. ಸ್ವಲ್ಪ ಹೊತ್ತು ಬಿಟ್ಟು, "ಚಳಿ ತಡಿಯೋ ಹೈಬ್ರಿಡ್ ಬಂದ್ರ ಹೇಳು, ಒಂದೆಕರೆ ನೋಡೂಣು" ಎಂದ.

ಮಕ್ಕಳೆ, ಇವತ್ತು ಒಂದು ಸೂಕ್ಷ್ಮದರ್ಶಕ ತಂದಿದ್ದೇನೆ, ಗುರುಗಳ ಕೈಗೆ ಕೊಡುತ್ತೇನೆ. ಈ ಹಿಂಗಾರಿಯಲ್ಲಿ ನಸುಕಿಗೆ ಹೂವಾಡುವ ತೆನೆ ತನ್ನಿ. ಪರಾಗದ ಮೇಲೆ ಅಯೋಡಿನ್ ಒಂದು ಹನಿ ಬಿಡಿ. ಪಿಷ್ಟ ತುಂಬಿದ ಕಣ ಕಪ್ಪಾಗುತ್ತದೆ, ಪೊಳ್ಳು ಬಿಳಿಚಿಕೊಂಡೇ ಇರುತ್ತದೆ. ಎಣಿಸಿ ಬರೆದಿಟ್ಟು, ನನಗೂ ಒಂದು ಫೋನ್ ಮಾಡಿ.