ಗ್ಯಾಸಿಗೂ ಒಂದು ತೂಬು ಬೇಕು
(ಕಲಿಕಾ ಕೇಂದ್ರದಲ್ಲಿ ಹೇಳಿದ ಮಾತು)



ನೀವು ನಾರಾಯಣಪೇಟೆಯವರು, ಮಕ್ತಲ್‌ನವರು, ಗದ್ವಾಲ್‌ನವರು. ಈಗ ಅಕ್ಷರ ಕಲಿತಿದ್ದೀರಿ. ಹೆಸರು ಬರೆಯುತ್ತೀರಿ. ರಾಯಚೂರು ಬಸ್ಸಿನ ಬೋರ್ಡು ಓದುತ್ತೀರಿ. ಬಹಳ ಸಂತೋಷ. ಇವತ್ತು ನಮ್ಮ ಅಡುಗೆಮನೆಗೆ ಬೇಕಾದ ಒಂದು ಮಾತು ಆಡೋಣ.

ಮೊದಲು ಒಂದು ಪ್ರಶ್ನೆ. ಕೆರೆ ತುಂಬ ನೀರು ಇದೆ. ಆದರೆ ಕೆರೆಗೆ ತೂಬು ಇಲ್ಲ. ಆಗ ಏನಾಗುತ್ತೆ? ಬೇಕಾದಾಗ ಹೊಲಕ್ಕೆ ನೀರು ಬರೋದಿಲ್ಲ. ಏರಿ ಒಡೆದರೆ ಊರಿಗೇ ನೀರು ನುಗ್ಗುತ್ತೆ. ನೀರು ಇದ್ದರೆ ಸಾಲದು. ಅದನ್ನು ಬಿಡೋದಕ್ಕೆ, ತಡೆಯೋದಕ್ಕೆ ತೂಬು ಬೇಕು. ಗದ್ವಾಲ್ ಹತ್ತಿರದ ಜುರಾಲ ಅಣೆಕಟ್ಟೆಯ ಗೇಟು ನೋಡಿದ್ದೀರಲ್ಲ? ಅವೂ ದೊಡ್ಡ ತೂಬುಗಳೇ.

ಗ್ಯಾಸೂ ಹಾಗೇ. ಆದರೆ ನೀರು ಕಣ್ಣಿಗೆ ಕಾಣುತ್ತೆ, ಗ್ಯಾಸು ಕಾಣೋದಿಲ್ಲ. ಅದಕ್ಕೆ ಗ್ಯಾಸಿನ ಪೈಪು, ಗ್ಯಾಸಿನ ತೂಬು ಇನ್ನೂ ಗಟ್ಟಿಯಾಗಿ ಇರಬೇಕು. ಗ್ಯಾಸಿನ ತೂಬಿಗೆ ವಾಲ್ವ್ ಎನ್ನುತ್ತಾರೆ. ಈ ಪೈಪನ್ನೂ ವಾಲ್ವನ್ನೂ ಸರಿಮಾಡಲು ಜನ ಬಹಳ ಕಷ್ಟಪಟ್ಟರು. ಆ ಕಥೆ ಕೇಳಿ.

ಕಲ್ಲಿದ್ದಲಿನ ಗ್ಯಾಸು

ಕಲ್ಲಿದ್ದಲು ನಿಮಗೆ ಗೊತ್ತು. ನಮ್ಮ ತೆಲಂಗಾಣದ ಯೆಲ್ಲಂದುವಿನಲ್ಲಿ 1889ರಿಂದ ಅದನ್ನು ಅಗೆದು ತೆಗೆದರು. ಕೃಷ್ಣಾ ನದಿ ದಾಟಿದರೆ ಶಕ್ತಿನಗರ. ಅಲ್ಲಿ ಕಲ್ಲಿದ್ದಲು ಸುಟ್ಟು ಕರೆಂಟು ಮಾಡುತ್ತಾರೆ.

ಕಲ್ಲಿದ್ದಲನ್ನು ಒಲೆಯಲ್ಲಿ ಸುಟ್ಟರೆ ಉರಿ ಬರುತ್ತೆ, ಹೊಗೆ ಬರುತ್ತೆ. ಆದರೆ ಅದನ್ನು ಕಬ್ಬಿಣದ ಪಾತ್ರೆಯಲ್ಲಿ ತುಂಬಿ, ಗಾಳಿ ಹೋಗದ ಹಾಗೆ ಮುಚ್ಚಿ, ಹೊರಗಿನಿಂದ ಕಾಯಿಸಿದರೆ? ಆಗ ಒಳಗಿನಿಂದ ಒಂದು ಗ್ಯಾಸು ಹೊರಡುತ್ತೆ. ಅದು ಚೆನ್ನಾಗಿ ಉರಿಯುತ್ತೆ.

ವಿಲಿಯಂ ಮರ್ಡಕ್ ಎಂಬ ಇಂಜಿನಿಯರ್ ಇದ್ದ. ಅವನು ಇಂಗ್ಲೆಂಡಿನ ರೆಡ್ರುತ್ ಎಂಬ ಊರಿನಲ್ಲಿ ಕೆಲಸಕ್ಕಿದ್ದ. 1792ರಲ್ಲಿ ಅವನು ಈ ಗ್ಯಾಸಿನಿಂದ ತನ್ನ ಮನೆಯಲ್ಲಿ ದೀಪ ಹಚ್ಚಿದ. ಮುಂದೆ ಮ್ಯಾಂಚೆಸ್ಟರ್ ಹತ್ತಿರದ ಒಂದು ಹತ್ತಿ ಗಿರಣಿಗೆ ಅವನು ಗ್ಯಾಸಿನ ದೀಪ ಹಾಕಿಸಿದ. 1808ರ ಹೊತ್ತಿಗೆ ಅಲ್ಲಿ 904 ದೀಪಗಳಿದ್ದವು. ನಿಮ್ಮಲ್ಲಿ ಮಗ್ಗದ ಕೆಲಸ ಮಾಡುವವರು ಇದ್ದೀರಿ. ನೂಲಿನ ಕೆಲಸಕ್ಕೆ ಬೆಳಕು ಎಷ್ಟು ಬೇಕು ಅಂತ ನಿಮಗೇ ಗೊತ್ತು.

ಗ್ಯಾಸು ಮಾಡುವುದು ಬಂತು. ಆದರೆ ಅದನ್ನು ಹಿಡಿದಿಡುವುದು ಬರಲಿಲ್ಲ.

ಪೈಪಿನ ತೊಂದರೆ

ಆಗ ಗ್ಯಾಸಿಗಾಗಿ ಮಾಡಿದ ಪೈಪು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಜನ ಏನು ಮಾಡಿದರು ಗೊತ್ತೇನ್ರಿ? ಹಳೆಯ ಬಂದೂಕುಗಳ ನಳಿಗೆ ತಂದರು. ಒಂದರ ತುದಿಗೆ ಇನ್ನೊಂದನ್ನು ತಿರುಪು ಹಾಕಿ ಜೋಡಿಸಿದರು. ಅದರಲ್ಲೇ ಗ್ಯಾಸು ಬಿಟ್ಟರು! ಆಮೇಲೆ ರಸ್ತೆಯ ಕೆಳಗೆ ಎರಕದ ಕಬ್ಬಿಣದ ದೊಡ್ಡ ಪೈಪು ಹೂಳಿದರು. ಜೋಡಣೆಯ ಸಂದಿಗೆ ನಾರು ತುರುಕಿ, ಸೀಸ ಕಾಯಿಸಿ ಹೊಯ್ದರು.

ಗದ್ವಾಲ್ ಸೀರೆ ನೋಡಿ. ಮೈ ಹತ್ತಿಯದು, ಅಂಚು ರೇಷ್ಮೆಯದು. ಎರಡೂ ಸೇರುವ ಜಾಗದಲ್ಲಿ ನೇಕಾರ ಬಹಳ ಎಚ್ಚರ ಇಡುತ್ತಾನೆ. ಅಲ್ಲಿ ಬಿಟ್ಟರೆ ಸೀರೆ ಹಾಳು. ಪೈಪು ಕೂಡ ಹೆಚ್ಚಾಗಿ ಸೋರುವುದು ಜೋಡಣೆಯಲ್ಲೇ.

ಇನ್ನೊಂದು ತೊಂದರೆ ಡಾಂಬರಿನದು. ಕಲ್ಲಿದ್ದಲಿನ ಗ್ಯಾಸಿನ ಜೊತೆ ಡಾಂಬರಿನ ಹಬೆ, ನೀರಿನ ಹಬೆ ಬರುತ್ತವೆ. ತಣ್ಣಗಾದ ಮೇಲೆ ಪೈಪಿನೊಳಗೆ ಇಳಿದು ನಿಲ್ಲುತ್ತವೆ. ದಾರಿ ಕಟ್ಟುತ್ತೆ, ದೀಪ ಕುಣಿಯುತ್ತೆ. ಅದಕ್ಕೆ ಪೈಪನ್ನು ಸ್ವಲ್ಪ ಇಳಿಜಾರಾಗಿ ಹಾಕಿದರು. ತಗ್ಗಿನ ಜಾಗದಲ್ಲಿ ಒಂದು ಡಬ್ಬ ಇಟ್ಟರು. ನಿಂತ ನೀರನ್ನು ಅಲ್ಲಿಂದ ಹೊರಗೆ ತೆಗೆದರು. ಗೋಬರ್ ಗ್ಯಾಸ್ ಇರುವ ಮನೆಯವರಿಗೆ ಇದು ಗೊತ್ತು. ಪೈಪಿನಲ್ಲಿ ನೀರು ನಿಂತರೆ ಇಂದಿಗೂ ಉರಿ ಸರಿಯಾಗಿ ಬರೋದಿಲ್ಲ.

ಹಿಂದಕ್ಕೆ ಬರುವ ಗ್ಯಾಸು

ಎಲ್ಲಕ್ಕಿಂತ ಭಯದ ತೊಂದರೆ ಬೇರೆ ಇತ್ತು. ಕಲ್ಲಿದ್ದಲು ಪೂರ್ತಿ ಕಾದ ಮೇಲೆ ಪಾತ್ರೆಯ ಬಾಗಿಲು ತೆಗೆಯಬೇಕು. ಹಳೆಯದನ್ನು ತೆಗೆದು ಹೊಸದು ತುಂಬಬೇಕು. ಬಾಗಿಲು ತೆಗೆದಾಗ ಮುಂದಿನ ಪೈಪಿನಲ್ಲಿದ್ದ ಗ್ಯಾಸು ಹಿಂದಕ್ಕೆ ನುಗ್ಗಿದರೆ? ಎದುರಿಗೆ ಬೆಂಕಿ ಇದೆ. ಕೂಲಿಯವನ ಗತಿ ಏನು?

ಇದಕ್ಕೆ ಉಪಾಯ ಮಾಡಿದವನು ಸ್ಯಾಮುಯೆಲ್ ಕ್ಲೆಗ್. ಅವನು ಹುಟ್ಟಿದ್ದು 1781ರಲ್ಲಿ, ತೀರಿಕೊಂಡದ್ದು 1861ರಲ್ಲಿ. ಅವನ ಉಪಾಯ ತಿಳಿಯಬೇಕಾದರೆ ಮಕ್ಕಳ ಆಟ ನೋಡಿ. ಮಗು ಕೊಳವೆಯ ತುದಿಯನ್ನು ನೀರಿನಲ್ಲಿ ಮುಳುಗಿಸಿ ಊದುತ್ತೆ. ಗುಳುಗುಳು ಅಂತ ಗಾಳಿ ಹೊರಗೆ ಬರುತ್ತೆ. ಆದರೆ ಹೊರಗಿನ ಗಾಳಿ ಕೊಳವೆಯೊಳಗೆ ತಿರುಗಿ ಹೋಗೋದಿಲ್ಲ. ನೀರು ಅಡ್ಡ ಇರುತ್ತೆ.

ಕ್ಲೆಗ್ ಪ್ರತಿ ಪಾತ್ರೆಯ ಪೈಪಿನ ತುದಿಯನ್ನು ಹೀಗೇ ದ್ರವದಲ್ಲಿ ಮುಳುಗಿಸಿದ. ಗ್ಯಾಸು ಮುಂದೆ ಹೋಗುತ್ತೆ, ಹಿಂದೆ ಬರೋದಿಲ್ಲ. ನೀರೇ ವಾಲ್ವ್ ಆಯಿತು! ಇನ್ನೊಂದು ಕೆಲಸವನ್ನೂ ಅವನು ಮಾಡಿದ. ಕೊಳೆತ ಮೊಟ್ಟೆಯಂಥ ನಾತ ಕಳೆಯಲು ಗ್ಯಾಸನ್ನು ಸುಣ್ಣದ ಮೂಲಕ ಹಾಯಿಸಿದ.

ಗ್ಯಾಸಿಗೆಂದು ಕಂಪನಿಯೇ ಹುಟ್ಟಿತು. ಲಂಡನ್ನಿನ ಗ್ಯಾಸ್ ಕಂಪನಿಗೆ 1812ರಲ್ಲಿ ಅಪ್ಪಣೆ ಸಿಕ್ಕಿತು. 1813ರ ಡಿಸೆಂಬರ್ 31ರ ರಾತ್ರಿ ಅಲ್ಲಿಯ ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಮೇಲೆ ಗ್ಯಾಸಿನ ದೀಪ ಉರಿದವು.

ಮುಚ್ಚಲು ಮರೆತರೆ

ಇಷ್ಟಾದರೂ ಒಂದು ತೊಂದರೆ ಉಳಿಯಿತು. ಆಗ ಮನೆಗಳಲ್ಲಿ ಮೀಟರ್ ಇರಲಿಲ್ಲ. ಸಂಜೆ ಕಂಪನಿಯವರು ಗ್ಯಾಸು ಬಿಡುತ್ತಿದ್ದರು. ಹೊತ್ತಾದ ಮೇಲೆ ಮುಚ್ಚುತ್ತಿದ್ದರು. ದೀಪ ತಾನೇ ಆರುತ್ತಿತ್ತು. ಮನೆಯವನು ತನ್ನ ದೀಪದ ನಲ್ಲಿ ಮುಚ್ಚಲು ಮರೆತರೆ? ಮರುದಿನ ಗ್ಯಾಸು ಬಿಟ್ಟಾಗ ಕೋಣೆಯೆಲ್ಲ ತುಂಬುತ್ತಿತ್ತು. ಆ ಗ್ಯಾಸು ವಿಷ ಬೇರೆ. ವಾಲ್ವ್ ಎಷ್ಟೇ ಒಳ್ಳೆಯದಿರಲಿ, ಅದನ್ನು ಮುಚ್ಚುವ ಕೈ ಎಚ್ಚರವಾಗಿರಬೇಕು.

ನಮ್ಮ ದೇಶಕ್ಕೂ ಈ ಗ್ಯಾಸು ಬಂತು. 1857ರಲ್ಲಿ ಕೋಲ್ಕತ್ತದ ರಸ್ತೆಗಳಲ್ಲಿ, 1865ರಲ್ಲಿ ಮುಂಬೈಯಲ್ಲಿ ಗ್ಯಾಸಿನ ದೀಪ ಹಚ್ಚಿದರು. ಆಮೇಲೆ ಕರೆಂಟು ಬಂತು. ಬೆಂಗಳೂರಿನ ಬೀದಿಗೆ 1905ರಲ್ಲೇ ಕರೆಂಟಿನ ದೀಪ ಬಂದವು. ಕಲ್ಲಿದ್ದಲಿನ ಗ್ಯಾಸಿನ ಕಾಲ ಮುಗಿಯಿತು. ನಮ್ಮ ಮೂರು ಊರಿಗೆ ಆ ಪೈಪು ಬರಲೇ ಇಲ್ಲ.

ಆದರೆ ಪೈಪು, ವಾಲ್ವ್ ಈಗ ನಮ್ಮ ಮನೆಯೊಳಗೇ ಇವೆ. ಎಲ್ಲಿ? ಅಡುಗೆಮನೆಯಲ್ಲಿ!

ನಮ್ಮ ಮನೆಯ ಸಿಲಿಂಡರ್

ಸಿಲಿಂಡರಿನ ಗ್ಯಾಸು ಕಲ್ಲಿದ್ದಲಿನದಲ್ಲ. ಕಲ್ಲಿದ್ದಲಿನ ಗ್ಯಾಸು ಗಾಳಿಗಿಂತ ಹಗುರ, ಮೇಲೆ ಏರುತ್ತಿತ್ತು. ನಮ್ಮ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ಹರಡಿ ನಿಲ್ಲುತ್ತೆ. ಇದು ನೆನಪಿರಲಿ.

ಸಿಲಿಂಡರಿನ ಬಾಯಲ್ಲಿ ಒಂದು ವಾಲ್ವ್ ಇದೆ. ಅದರ ಮೇಲೆ ರೆಗ್ಯುಲೇಟರ್ ಕೂರುತ್ತೆ. ಅದು ಗ್ಯಾಸಿನ ರಭಸ ಇಳಿಸುತ್ತೆ. ಆಮೇಲೆ ರಬ್ಬರ್ ಪೈಪು. ಕೊನೆಗೆ ಸ್ಟೌವಿನ ಕಿವಿ. ಈ ಜೋಡಣೆಗಳನ್ನು ಸಾಬೂನು ನೀರು ಹಚ್ಚಿ ನೋಡಿ. ಗುಳ್ಳೆ ಎದ್ದರೆ ಸೋರುತ್ತಿದೆ ಅಂತ ತಿಳಿಯಿರಿ. ಕಡ್ಡಿ ಗೀರಿ ಮಾತ್ರ ನೋಡಬೇಡಿ.

ಈಗ ನಿಮ್ಮ ಓದು ಕೆಲಸಕ್ಕೆ ಬರುತ್ತೆ. ರಬ್ಬರ್ ಪೈಪಿನ ಮೇಲೆ ಐಎಸ್‌ಐ ಗುರುತು, ವರ್ಷ ಬರೆದಿರುತ್ತೆ. ಐದು ವರ್ಷಕ್ಕೊಮ್ಮೆ ಪೈಪು ಬದಲಿಸಿ. ಬಿರುಕು ಬಿಟ್ಟಿದ್ದರೆ ಅವತ್ತೇ ಬದಲಿಸಿ. ಸಿಲಿಂಡರಿನ ಕುತ್ತಿಗೆಯ ಪಟ್ಟಿಯ ಒಳಮೈಯಲ್ಲಿ ಒಂದು ಇಂಗ್ಲಿಷ್ ಅಕ್ಷರ, ಒಂದು ಅಂಕಿ ಇರುತ್ತೆ. ಎ ಅಂದ್ರೆ ಜನವರಿಯಿಂದ ಮಾರ್ಚ್. ಬಿ ಅಂದ್ರೆ ಏಪ್ರಿಲ್‌ನಿಂದ ಜೂನ್. ಸಿ ಅಂದ್ರೆ ಜುಲೈಯಿಂದ ಸೆಪ್ಟೆಂಬರ್. ಡಿ ಅಂದ್ರೆ ಅಕ್ಟೋಬರ್‌ನಿಂದ ಡಿಸೆಂಬರ್. ಅಂಕಿ ಅಂದ್ರೆ ವರ್ಷ. ಸಿ–28 ಅಂತ ಇದ್ದರೆ 2028ರ ಸೆಪ್ಟೆಂಬರ್ ಒಳಗೆ ಆ ಸಿಲಿಂಡರಿನ ಪರೀಕ್ಷೆ ಆಗಬೇಕು. ಅವಧಿ ಮುಗಿದದ್ದು ತಂದರೆ, "ಅಣ್ಣಾ, ಇದು ಬೇಡ, ಬೇರೆ ಕೊಡು" ಅನ್ನಿ. ನಾಚಿಕೆ ಬೇಡ.

ಗ್ಯಾಸಿನ ವಾಸನೆ ಬಂದರೆ ಹೀಗೆ ಮಾಡಿ. ಕಡ್ಡಿ ಗೀರಬೇಡಿ. ಲೈಟಿನ ಸ್ವಿಚ್ ಹಾಕಲೂ ಬೇಡಿ, ಆರಿಸಲೂ ಬೇಡಿ. ಸ್ಟೌವಿನ ಕಿವಿ, ರೆಗ್ಯುಲೇಟರ್ ಮುಚ್ಚಿ. ಬಾಗಿಲು, ಕಿಟಕಿ ತೆಗೆಯಿರಿ. ಮಕ್ಕಳನ್ನು, ಮುದುಕರನ್ನು ಕರೆದುಕೊಂಡು ಹೊರಗೆ ಬನ್ನಿ. ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಇಂದು ಮನೆಗೆ ಹೋದ ಮೇಲೆ ಮೂರು ಕೆಲಸ ಮಾಡಿ. ಪೈಪಿನ ಮೇಲಿನ ವರ್ಷ ಓದಿ. ಸಿಲಿಂಡರಿನ ಅಕ್ಷರ, ಅಂಕಿ ಓದಿ. 1906 ಎಂದು ದೊಡ್ಡದಾಗಿ ಬರೆದು ಮನೆಯ ಗೋಡೆಗೆ ಅಂಟಿಸಿ. ಓದು ಬಾರದ ಪಕ್ಕದ ಮನೆಯ ಅವ್ವನಿಗೂ ಓದಿ ಹೇಳಿ. ಮಲಗುವ ಮುಂಚೆ ಒಮ್ಮೆ ರೆಗ್ಯುಲೇಟರ್ ಮುಟ್ಟಿ ನೋಡಿ. ಮುಚ್ಚಿದೆಯಾ?